ಲಾರಿ ಕ್ಯಾಬಿನ್ನಿನ ಎಸಿ ಸೋತರೆ: ಲಾರಿಯವರ ಸಂದೇಶ ಗುಂಪಿನಲ್ಲಿ ಮೇಸ್ತ್ರಿಯವರೊಂದಿಗೆ ಪ್ರಶ್ನೋತ್ತರ

ಲಾರಿ ಮಾಲೀಕ, ಹಿರಿಯೂರು: ಮೇಸ್ತ್ರಿಗಳೇ, ನಮಸ್ಕಾರ. ನನ್ನ ಲಾರಿಯ ಎಸಿ ಬೆಳಿಗ್ಗೆ ಬೆಂಗಳೂರು ಬಿಡುವಾಗ ಚೆನ್ನಾಗಿಯೇ ತಂಪು ಕೊಡುತ್ತದೆ. ಸಿರಾ ದಾಟುವ ಹೊತ್ತಿಗೆ ಸೋತುಹೋಗುತ್ತದೆ. ಎರಡು ತಿಂಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ದೇನೆ. ಪ್ರತಿ ಸಲವೂ ಗೇಜ್ ಹಾಕಿ ನೋಡಿದವರು ಗ್ಯಾಸ್ ಕಡಿಮೆಯಿದೆ ಎಂದೇ ಹೇಳಿದರು. ಈಗ ಕಂಪ್ರೆಸರ್ ಬದಲಿಸಿ ಎನ್ನುತ್ತಿದ್ದಾರೆ.

ಎಸಿ ಮೇಸ್ತ್ರಿ: ಕಂಪ್ರೆಸರಿಗೆ ಕೈ ಹಾಕಿಸಬೇಡಿ. ಸೋರಿಹೋದ ಗ್ಯಾಸ್ ಬೆಳಗಾಗುವುದರೊಳಗೆ ತಾನಾಗಿ ಮರಳಿ ಬರುವುದಿಲ್ಲ. ಎಸಿ ಸೋತಾಗ ಗಾಳಿ ಅಷ್ಟೇ ರಭಸದಿಂದ ಬಂದು ಬಿಸಿಯಾಗಿರುತ್ತದೆಯೋ, ಅಥವಾ ಗಾಳಿಯೇ ಕಡಿಮೆಯಾಗುತ್ತದೆಯೋ, ಅದನ್ನು ತಿಳಿಸಿ.

ಸದಸ್ಯ, ಗದಗ: ಪ್ರತಿ ಬೇಸಿಗೆಗೂ ಮುನ್ನ ಗ್ಯಾಸ್ ಹಾಕಿಸಲೇಬೇಕಂತೆ, ನಿಜವೇ?

ಎಸಿ ಮೇಸ್ತ್ರಿ: ಇಲ್ಲ. ಗ್ಯಾಸ್ ಡೀಸೆಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ; ಸೋರುವ ಜಾಗವನ್ನು ಹುಡುಕಿಸಿ.

ಚಾಲಕ, ಸಿಂಧನೂರು: ನನ್ನ ಗಾಡಿಯಲ್ಲಿ ಕ್ಲೀನರ್ ಕಡೆ ತಂಪು ಗಾಳಿ, ನನ್ನ ಕಡೆ ಬಿಸಿ ಗಾಳಿ ಬರುತ್ತದೆ. ಏಕೆ?

ಲಾರಿ ಮಾಲೀಕ, ಹಿರಿಯೂರು: ಗಾಳಿಯೇ ಕಡಿಮೆಯಾಗುತ್ತದೆ. ಡಾಬಾದ ಬಳಿ ಅರ್ಧ ಗಂಟೆ ನಿಲ್ಲಿಸಿದರೆ ಕ್ಯಾಬಿನ್ ಅಡಿಯಲ್ಲಿ ನೀರು ಹರಿಯುತ್ತದೆ, ಮತ್ತೆ ಹೊರಟರೆ ಎಸಿ ಸರಿಯಾಗಿರುತ್ತದೆ. ಈ ತೊಂದರೆ ಶುರುವಾಗುವ ಮುನ್ನ, ಧೂಳು ಹಿಡಿದಿದೆಯೆಂದು ಬ್ಲೋವರ್ ಡಬ್ಬಿ ಬಿಚ್ಚಿಸಿ ಕಾಯಿಲ್ ತೊಳೆಸಿದ್ದೆ.

ಎಸಿ ಮೇಸ್ತ್ರಿ: ಇದನ್ನು ಮೊದಲೇ ಹೇಳಿದ್ದರೆ ನಿಮ್ಮ ಮೂರು ಗ್ಯಾಸಿನ ದುಡ್ಡು ಉಳಿಯುತ್ತಿತ್ತು. ನಿಮ್ಮ ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ. ಕಾಯಿಲ್‌ನ ತಗಡುಗಳ ನಡುವೆ ಸಿಕ್ಕಿಸಿರುವ ಸಣ್ಣ ಸೆನ್ಸರ್, ತಂಪು ಸೊನ್ನೆ ಡಿಗ್ರಿಯ ಹತ್ತಿರ ಬಂದೊಡನೆ ಕಂಪ್ರೆಸರಿನ ಕ್ಲಚ್ ಬಿಡಿಸಬೇಕು. ಕಾಯಿಲ್ ತೊಳೆದವರು ಅದನ್ನು ಮರಳಿ ಸಿಕ್ಕಿಸದೆ ಹೊರಗೆ ಬಿಟ್ಟಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಕಾಯಿಲ್ ಮೇಲಿನ ತೇವವೆಲ್ಲ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ನೀವು ಡಾಬಾದಲ್ಲಿ ಕಂಡದ್ದು ಆ ಮಂಜು ಕರಗಿದ ನೀರು.

ಗ್ಯಾಸ್ ಕಡಿಮೆ ಎಂದು ಅವರು ಹೇಳಿದ್ದೂ ಇದರಿಂದಲೇ ಇರಬೇಕು. ಕಾಯಿಲ್ ಮಂಜುಗಟ್ಟಿದಾಗ ಅದಕ್ಕೆ ಬಿಸಿಗಾಳಿ ತಗಲದೆ ಲೋ ಸೈಡ್ (ಕಾಯಿಲ್‌ನಿಂದ ಕಂಪ್ರೆಸರಿಗೆ ಗ್ಯಾಸ್ ಮರಳುವ ಕಡೆ) ಒತ್ತಡ ಇಳಿಯುತ್ತದೆ, ಆ ಒಂದೇ ಗೇಜ್ ನೋಡಿದವರು ಗ್ಯಾಸ್ ಕಡಿಮೆಯೆಂದು ತಿಳಿದು ಇನ್ನಷ್ಟು ತುಂಬುತ್ತಾರೆ. ಎಂಜಿನ್ ನಿಲ್ಲಿಸಿ ನೋಡಿದರೂ ಪ್ರಯೋಜನವಿಲ್ಲ. ಗಾಡಿ ಎಸಿಗೆ ತುಂಬುವ ಆರ್-134ಎ ಗ್ಯಾಸ್ 30 ಡಿಗ್ರಿಯಲ್ಲಿ ಸುಮಾರು 95 ಪಿಎಸ್‌ಐ ಒತ್ತಡ ತೋರಿಸುತ್ತದೆ. ಒಳಗೆ ದ್ರವ ಸ್ವಲ್ಪವೇ ಉಳಿದಿದ್ದರೂ ಅಷ್ಟನ್ನೇ ತೋರಿಸುತ್ತದೆ. ಆದ್ದರಿಂದ ಸೆನ್ಸರ್ ಸರಿಪಡಿಸಿದ ಮೇಲೆ ಇರುವ ಗ್ಯಾಸನ್ನೆಲ್ಲ ಮೆಷಿನ್ನಿಗೆ ಎಳೆಸಿ, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಮಾಡಿಸಿ, ಗಾಡಿಯ ಲೇಬಲ್‌ನಲ್ಲಿರುವ ತೂಕದಷ್ಟನ್ನೇ ತುಂಬಿಸಿ.

ಸದಸ್ಯ, ರಾಯಚೂರು: ಇಷ್ಟೆಲ್ಲ ಏಕೆ? ಅಡುಗೆ ಗ್ಯಾಸನ್ನೇ ಸ್ವಲ್ಪ ತುಂಬಿಸಿದರೆ ಎರಡು ಪಟ್ಟು ತಂಪು ಬರುತ್ತದೆ ಎಂಬ ಸಂದೇಶ ಬಂದಿದೆ. ಸೋರಿಕೆಯಿದ್ದರೆ ಅದನ್ನು ಮುಚ್ಚುವ ಡಬ್ಬಿಯೂ ಸಿಗುತ್ತದಂತೆ.

ಎಸಿ ಮೇಸ್ತ್ರಿ: ಈ ಸಂದೇಶ ಇಲ್ಲಿಗೆ ಬಂದದ್ದು ಇದು ನಾಲ್ಕನೆಯ ಸಲ. ಕೂಲಿಂಗ್ ಕಾಯಿಲ್ ಇರುವುದು ನೀವು ಮಲಗುವ ಕ್ಯಾಬಿನ್ನಿನೊಳಗೆ. ಅಲ್ಲಿ ಅಡುಗೆ ಗ್ಯಾಸ್ ಸೋರಿದರೆ ಬ್ಲೋವರ್ ಸ್ವಿಚ್ಚಿನ ಒಂದು ಕಿಡಿ ಸಾಕು. ಆ ಡಬ್ಬಿಯ ಅಂಟು, ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ಕಟ್ಟಿಬಿಡುತ್ತದೆ. ಇನ್ನೊಮ್ಮೆ ಕಳುಹಿಸಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ.

ಲಾರಿ ಮಾಲೀಕ, ದಾವಣಗೆರೆ: ಎಸಿ ಹಾಕಿದರೆ ಡೀಸೆಲ್ ಯಾರ ಲೆಕ್ಕಕ್ಕೆ? ಕಿಟಕಿ ತೆರೆದು ಓಡಿಸಿದವರು ಸತ್ತಿಲ್ಲ.

ಚಾಲಕ, ಸಿಂಧನೂರು: ನೀವು ಮೇ ತಿಂಗಳಲ್ಲಿ ಎಂಜಿನ್ ಮೇಲೆ ಕುಳಿತು ರಾಯಚೂರಿನಿಂದ ಮುಂಬೈಗೆ ಹೋಗಿ ಬನ್ನಿ, ಆಮೇಲೆ ಮಾತನಾಡೋಣ. ಕಾನೂನೇ ಎಸಿ ಕಡ್ಡಾಯ ಮಾಡಿದೆ.

ಲಾರಿ ಮಾಲೀಕ, ದಾವಣಗೆರೆ: ಹಳೆಯ ಗಾಡಿಗೂ ಕಡ್ಡಾಯವೆಂದು ಬರೆದದ್ದನ್ನು ತೋರಿಸಿ.

ಎಸಿ ಮೇಸ್ತ್ರಿ: 2025ರ ಅಕ್ಟೋಬರ್ 1ರಿಂದ ತಯಾರಾದ ಎನ್2, ಎನ್3 ವರ್ಗದ, ಎಂದರೆ ಒಟ್ಟು ತೂಕ 3.5 ಟನ್ ಮೀರಿದ ಸರಕು ಗಾಡಿಗಳಿಗೆ ಮಾತ್ರ. ಜಗಳ ಬೇರೆಡೆ ಆಡಿ.

ಚಾಲಕ, ಸಿಂಧನೂರು: ಎಸಿ ಇದ್ದ ಗಾಡಿಯಲ್ಲೂ ಡೀಸೆಲ್ ಉಳಿಸಲು ಕಂಪ್ರೆಸರಿನ ಬೆಲ್ಟನ್ನೇ ತೆಗೆಸುವ ಮಾಲೀಕರನ್ನು ಕಂಡಿದ್ದೇನೆ.

ಲಾರಿ ಮಾಲೀಕ, ದಾವಣಗೆರೆ: ಗಾಡಿ ನಿಲ್ಲಿಸಿ ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗುವ ಚಾಲಕರನ್ನು ನಾನೂ ಕಂಡಿದ್ದೇನೆ.

ಸದಸ್ಯ, ಹಾವೇರಿ: ಓಡುವಾಗ ತಂಪು, ಟೋಲ್‌ನಲ್ಲಿ ನಿಂತರೆ ಬಿಸಿ. ಗ್ಯಾಸ್ ಹಾಕಿಸಲೇ?

ಎಸಿ ಮೇಸ್ತ್ರಿ: ಮೇಲೆ ಓದಿದಿರಾ? ಬೇಡ. ಮೊದಲು ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಹೊಟ್ಟು, ಧೂಳು ತೆಗೆಸಿ. ಆಮೇಲೆ ಫ್ಯಾನ್ ಕ್ಲಚ್ ನೋಡಿಸಿ.

ಲಾರಿ ಮಾಲೀಕ, ಹಿರಿಯೂರು: ಮೇಸ್ತ್ರಿಗಳೇ, ಬ್ಲೋವರ್ ಡಬ್ಬಿ ಬಿಚ್ಚಿಸಿದೆ. ಸೆನ್ಸರ್ ತಂತಿ ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ಸಿಕ್ಕಿಸಿದ ಮೇಲೆ ಚಿತ್ರದುರ್ಗದವರೆಗೆ ಹೋಗಿ ಬಂದೆ, ಗಾಳಿ ಕಡಿಮೆಯಾಗಲಿಲ್ಲ. ಗ್ಯಾಸ್ ಹಾಗೆಯೇ ಬಿಡಬಹುದೇ?

ಎಸಿ ಮೇಸ್ತ್ರಿ: ಬಿಡಬೇಡಿ. ಮೂರು ಸಲ ತುಂಬಿದ್ದು ಒಳಗೇ ಇದ್ದರೆ ಬಿಸಿಲಿಗೆ ಹೈ ಸೈಡ್ (ಕಂಪ್ರೆಸರಿನಿಂದ ಗ್ಯಾಸ್ ಹೊರಡುವ ಕಡೆ) ಒತ್ತಡ ಏರಿ, ಈಗ ಚೆನ್ನಾಗಿರುವ ಕಂಪ್ರೆಸರ್ ನಿಜವಾಗಿಯೂ ಹೋಗುತ್ತದೆ. ತೂಕ ಹಾಕಿಸಿ, ಹೊರಬಂದದ್ದು ಎಷ್ಟು ಗ್ರಾಂ ಎಂದು ಇಲ್ಲಿ ಬರೆಯಿರಿ, ನನಗೂ ನೋಡಬೇಕಾಗಿದೆ.

ಚಾಲಕ, ಸಿಂಧನೂರು: ನನ್ನ ಕಡೆ ಬಿಸಿ ಗಾಳಿ ಬರುವ ವಿಷಯ?