ಮುರುಗಲು ಪಾನಕ, ಅಪ್ಪೆಹುಳಿ, ಕಷಾಯ: ಮೂರಕ್ಕೂ ಒಂದೇ ಲೋಟ ಸಾಕಾ?

ಶಿರಸಿ ಪಾನಕದಂಗಡಿ: ಶಿರಸಿ ಪೇಟೆಯಲ್ಲಿ ಸಣ್ಣ ಅಂಗಡಿ ಶುರುವಾಗ್ತಿದೆ. ಮುರುಗಲು (ಕೋಕಂ) ಪಾನಕ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಬಿಸಿ ಕಷಾಯ, ಇಷ್ಟೇ. ದಪ್ಪ ತಳದ 300 ಮಿ.ಲೀ. ಗಾಜಿನ ಲೋಟ ಎಲ್ಲದಕ್ಕೂ ಆಗ್ತದಾ? ಅಪ್ಪೆಹುಳಿಗೆ ತಾಮ್ರದ ಲೋಟ ಇಡುವ ಆಲೋಚನೆಯೂ ಇದೆ.

ಕುಮಟಾ ಪಾತ್ರೆ: ತಾಮ್ರ ಬೇಡವೇ ಬೇಡ ಮಾರಾಯ್ರೆ. ಅಪ್ಪೆಹುಳಿಯಲ್ಲಿ ಹುಳಿಯೂ ಉಂಟು, ಉಪ್ಪೂ ಉಂಟು, ಎರಡೂ ಸೇರಿ ತಾಮ್ರವನ್ನು ಕರಗಿಸ್ತವೆ. ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾದೀತು. ಮುರುಗಲು, ಮಜ್ಜಿಗೆಗೂ ಇದೇ ಮಾತು. ತಾಮ್ರ ಬರೀ ನೀರಿಗೆ ಸರಿ.

ಯಲ್ಲಾಪುರ ಅಡುಗೆಮನೆ: ತಾಮ್ರದ ಒಳಗೆ ಕಲಾಯಿ (ತವರದ ಲೇಪ) ಹಾಕಿಸಿದರೆ? ಹಿಂದೆಲ್ಲ ಕಲಾಯಿ ಪಾತ್ರೆಯಲ್ಲೇ ಸಾರು, ಹುಳಿ ಕುದಿಸ್ತಿದ್ದರಲ್ಲ.

ಕುಮಟಾ ಪಾತ್ರೆ: ಕುದಿಸ್ತಿದ್ದರು, ಒಳಗೆ ಕೆಂಪು ಕಂಡ ಕೂಡಲೇ ಮತ್ತೆ ಕಲಾಯಿ ಹಾಕಿಸ್ತಿದ್ದರು. ಅಂಗಡಿಯ ಲೋಟವನ್ನು ದಿನಕ್ಕೆ ಹತ್ತಾರು ಸಲ ತಿಕ್ಕಬೇಕು. ಮೊದಲು ಸವೆಯುವುದು ಅಂಚು, ತುಟಿ ತಾಗುವುದೂ ಅಲ್ಲೇ. ಅಪ್ಪೆಹುಳಿಗೆ 150 ಮಿ.ಲೀ. ಸ್ಟೀಲ್ ಲೋಟ ಸಾಕು.

ಕಾರವಾರ ಖಾನಾವಳಿ: ತಾಮ್ರದ ವಿಷಯ ಒಪ್ಪಿದೆ. ನನಗೆ ದೊಡ್ಡ ಚಿಂತೆ ಆ ದಪ್ಪ ತಳದ್ದು. ಕುದಿಯುವ ಕಷಾಯ ಬಿದ್ದ ಗಳಿಗೆ ಗಾಜಿನ ಒಳಮೈ ಹಿಗ್ಗುತ್ತದೆ, ಹೊರಮೈ ತಣ್ಣಗೇ ಇರುತ್ತದೆ. ದಪ್ಪ ಹೆಚ್ಚಿದಷ್ಟೂ ಈ ಎಳೆದಾಟ ಜಾಸ್ತಿ. ಗೋಡೆ, ತಳ ಸೇರುವಲ್ಲಿ ಸುತ್ತಲೂ ಬಿರುಕು ಬಿಟ್ಟು ತಳವೇ ಬಿಲ್ಲೆಯಂತೆ ಕಳಚಿ ಬೀಳ್ತದೆ. ಆಗಷ್ಟೇ ತಣ್ಣೀರಲ್ಲಿ ತೊಳೆದದ್ದಾದರೆ ಇನ್ನೂ ಅಪಾಯ. ಗಾಜೇ ಬೇಕೆಂದರೆ ಹಿಡಿಕೆಯಿರುವ ಬೋರೋಸಿಲಿಕೇಟ್ (ಬಿಸಿ ತಡೆಯುವ ಗಾಜು) ಕಪ್ ತಗೊಳ್ಳಿ. ಸಾಮಾನ್ಯ ಗಾಜು ಬಿಸಿಗೆ ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ.

ಯಲ್ಲಾಪುರ ಅಡುಗೆಮನೆ: ಕಷಾಯಕ್ಕೆ ಸ್ಟೀಲ್ ಲೋಟವೇ ಇರಲಿ. ಒಡೆಯುವ ಭಯವಿಲ್ಲ.

ಕಾರವಾರ ಖಾನಾವಳಿ: ಒಂದು ಪದರದ ಸ್ಟೀಲ್ ತುಟಿ ಸುಡ್ತದೆ ಅಕ್ಕಾ. ಮನೆಯಲ್ಲಾದರೆ ಆರಿಸಿ ಕುಡೀತಾರೆ, ಅಂಗಡಿಯಲ್ಲಿ ನಿಂತು ಕುಡಿಯುವವನಿಗೆ ಹಿಡಿಯುವುದೇ ಕಷ್ಟ. ಎರಡು ಪದರದ್ದು ಆದೀತು. ತೊಳೆದ ಮೇಲೆ ಕಿವಿ ಹತ್ತಿರ ಅಲುಗಿಸಿ ನೋಡಿ. ನೀರಿನ ಸದ್ದು ಬಂದರೆ ಬೆಸುಗೆ ಬಿಟ್ಟಿದೆ, ಒಳಗೆ ನಿಂತ ನೀರು ನಾರ್ತದೆ. ಅಂಥದ್ದನ್ನು ಆಚೆಗಿಡಿ.

ಶಿರಸಿ ಪಾನಕದಂಗಡಿ: ಹಾಗಾದರೆ ದಪ್ಪ ತಳದ್ದು ಪಾನಕಕ್ಕೆ ಮಾತ್ರ. 300 ಸಾಕಲ್ಲ?

ಕುಮಟಾ ಪಾತ್ರೆ: ಲೆಕ್ಕ ಹಾಕಿ. ಗಟ್ಟಿ ಪಾನಕ 40, ನೀರು 160 ಮಿ.ಲೀ., 20 ಗ್ರಾಮಿನ ಐಸ್ ತುಂಡು ನಾಲ್ಕು. ತೇಲುವ ಐಸ್ ತನ್ನ ತೂಕದಷ್ಟೇ ನೀರಿನ ಜಾಗ ಹಿಡಿಯುತ್ತದೆ, ಅಲ್ಲಿಗೆ 280. 300 ಅಂದರೆ ಅಂಚಿನವರೆಗಿನ ಅಳತೆ. ಟ್ರೇಯಲ್ಲಿ ಒಯ್ಯುವಾಗ ಚೆಲ್ಲಿ ಅಂಟಂಟಾಗ್ತದೆ. 350ರದ್ದು ತಗೊಳ್ಳಿ. ಐಸ್ ಕರಗಿದರೂ ಮಟ್ಟ ಏರುವುದಿಲ್ಲ. ಸೋಡಾ ಹಾಕಿ ಕೊಡುವುದಿದ್ದರೆ ಉದ್ದ, ಕಿರಿದು ಲೋಟ ಒಳ್ಳೇದು. ಅಗಲ ಬಾಯಿಯಲ್ಲಿ ಗುಳ್ಳೆ ಬೇಗ ಹೋಗ್ತದೆ.

ಕಾರವಾರ ಖಾನಾವಳಿ: ಮುಂದೆ ಮುರುಗಲು-ತೆಂಗಿನಹಾಲಿನ ಸೋಲ್‌ಕಡಿ ಸೇರಿಸಿದರೆ ಖಾಲಿಯಾದ ಲೋಟ ಒಣಗಲು ಬಿಡಬೇಡಿ. ತೆಂಗಿನಹಾಲಿನ ಜಿಡ್ಡು ಗಾಜಿಗೆ ಹತ್ತಿಬಿಡ್ತದೆ, ಬಿಸಿನೀರು, ಸೋಪು ಎರಡೂ ಬೇಕು.

ಯಲ್ಲಾಪುರ ಅಡುಗೆಮನೆ: ಮಳೆಗಾಲದಲ್ಲಿ ಗಾಜನ್ನು ಪೇಪರ್ ಸುತ್ತಿ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಪೇಪರ್ ಹಿಡಿದಿಟ್ಟ ತೇವ ಗಾಜಿನ ಮೇಲ್ಮೈಯನ್ನೇ ತಿಂದು ಮಬ್ಬು ಮಾಡ್ತದೆ. ವಿನೆಗರ್ ಒರೆಸಿ ನೋಡಿ. ಹೋದರೆ ನೀರಿನ ಕಲೆ, ಹೋಗದಿದ್ದರೆ ಗಾಜೇ ಕೆಟ್ಟಿದೆ.

ಕುಮಟಾ ಪಾತ್ರೆ: ಒಂದರೊಳಗೊಂದು ಪೇರಿಸಿಡುವುದೂ ಬೇಡ, ಅಂಚು ಚಕ್ಕೆ ಏಳ್ತದೆ. ಸಿಕ್ಕಿಕೊಂಡರೆ ಎಳೆದಾಡದೆ ಮೇಲಿನದಕ್ಕೆ ತಣ್ಣೀರು ಹಾಕಿ, ಕೆಳಗಿನದನ್ನು ಉಗುರುಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಇಡಿ. ಮೇಲಿನದು ಕುಗ್ಗಿ, ಕೆಳಗಿನದು ಹಿಗ್ಗಿ ತಾನಾಗಿ ಬಿಡ್ತದೆ. ಕುದಿನೀರು ಮಾತ್ರ ಹಾಕಬೇಡಿ.