ಐಸ್‌ಲ್ಯಾಂಡ್ ಮೀವಾಟ್ನ್ ಸರೋವರದ ಕಡೆ ಎಷ್ಟು ದಿನ ಇಡ್ಬೇಕು? ಗುಹೆಯೊಳಗಿನ ಬಿಸಿನೀರಿಗೆ ಇಳೀಬಹುದಾ?

ಕಾಡುಮಾವು:
ಎಲ್ರಿಗೂ ನಮಸ್ಕಾರ. ಜೂನ್ ಕೊನೇಲಿ ಐಸ್‌ಲ್ಯಾಂಡ್ ಹೋಗ್ತಿದೀವಿ, ನಾನು, ಹೆಂಡ್ತಿ, ಅಮ್ಮ. ಕಾರ್ ತಗೊಂಡು ರಿಂಗ್ ರೋಡ್ ಪೂರ್ತಿ ಸುತ್ತೋ ಪ್ಲ್ಯಾನು. ನೋಡಿದ ಐಟಿನರಿಗಳಲ್ಲೆಲ್ಲ ಉತ್ತರದ ಮೀವಾಟ್ನ್‌ಗೆ ಅರ್ಧ ದಿನ ಅಷ್ಟೇ ಇಟ್ಟಿದಾರೆ, ಆದ್ರೆ ಮ್ಯಾಪ್ ತೆಗೆದ್ರೆ ಸರೋವರ, ಬಿಸಿನೀರ ಬುಗ್ಗೆ, ಲಾವಾ ಗುಹೆ, ಕ್ರೇಟರ್ ಎಲ್ಲಾ ಅಲ್ಲೇ ಗುಡ್ಡೆ ಬಿದ್ದಿವೆ. ಒಂದು ರಾತ್ರಿ ಸಾಕಾ? ಗ್ರ್ಯೋಟಾಗ್ಯಾ ಅನ್ನೋ ಗುಹೆ ಫೋಟೋ ನೋಡಿ ಹೆಂಡ್ತಿ ಅಲ್ಲೇ ಸ್ನಾನ ಮಾಡ್ಬೇಕು ಅಂತ ಕೂತಿದಾಳೆ. ಅಮ್ಮಂಗೆ ಮಂಡಿನೋವು, ಮೇಲಾಗಿ ಮೊಟ್ಟೇನೂ ಮುಟ್ಟಲ್ಲ.

ಬೋರೇಗೌಡ್ರು_ಅಲ್ಲ:
ಅರ್ಧ ದಿನ ಅಂತ ಬರೆಯೋರು ಬಸ್ಸಿಂದ ಇಳಿದು ಫೋಟೋ ಹೊಡ್ಕೊಂಡು ವಾಪಸ್ ಹತ್ತೋರು, ಬಿಡಿ. ಎರಡು ರಾತ್ರಿ ಇಡಿ, ರೇಕ್ಯಾಹ್ಲಿದ್ ಊರಲ್ಲೇ.

ಗುಹೆ ಸ್ನಾನದ ಆಸೆ ಮಾತ್ರ ಬಿಟ್ಬಿಡಿ. ಹಿಂದೆ ಊರಿನವರು ಅಲ್ಲೇ ಮೀತಿದ್ರು, ಆದ್ರೆ 1975ರಿಂದ 1984ರ ತನಕ ಪಕ್ಕದ ಕ್ರಾಫ್ಲಾ ಜ್ವಾಲಾಮುಖಿ ಬಿಟ್ಟುಬಿಟ್ಟು ಉಗುಳ್ತಾ ಇತ್ತಲ್ಲ, ಆಗ ನೆಲದಡಿ ಶಿಲಾಪಾಕ ನುಗ್ಗಿ ಗುಹೆ ನೀರು 50 ಡಿಗ್ರಿ ದಾಟ್ತು. ಆಮೇಲೆ ನಿಧಾನಕ್ಕೆ ಇಳಿದಿದೆ, ಆದ್ರೂ ಈಗ ನೀರಿಗಿಳಿಯೋದು ನಿಷೇಧ, ಜಾಗ ಖಾಸಗಿ ಬೇರೆ. ಬಗ್ಗಿ ನೋಡಿ ಬರೋಕೆ ಹತ್ತು ನಿಮಿಷ, ಒಳಗೆ ಬಂಡೆ ಹಿಡ್ಕೊಂಡು ಇಳೀಬೇಕು, ಅಮ್ಮ ಮೇಲೇ ಇರ್ಲಿ. ಅಂದಹಾಗೆ ಅದೇ ಗಲಾಟೇಲಿ 1977ರಲ್ಲಿ ಹಬೆಗೆ ಅಂತ ಕೊರೆದಿದ್ದ ಬೋರ್‌ವೆಲ್ ಒಂದರಿಂದ ಲಾವಾನೇ ಚಿಮ್ಮಿತ್ತು. ನಮ್ಮ ಕೋಲಾರದವರು ಸಾವಿರಾರು ಅಡಿ ಕೊರೆಸಿ ನೀರಿಗೆ ಕಾಯ್ತಾರೆ, ಅಲ್ಲಿ ನೋಡಿ!

ಸ್ನಾನಕ್ಕೆ ಮೀವಾಟ್ನ್ ನೇಚರ್ ಬಾತ್ಸ್ ಇದೆ, 2004ರಲ್ಲಿ ಶುರುವಾಗಿದ್ದು, ಹಾಲುನೀಲಿ ನೀರು, 36ರಿಂದ 40 ಡಿಗ್ರಿ. ಜೂನ್ ಕೊನೇಲಿ ಅಲ್ಲಿ ಕತ್ತಲೇ ಆಗಲ್ಲ, ಅದಕ್ಕೆ ರಾತ್ರಿ ಊಟ ಆದ್ಮೇಲೆ ಹೋಗಿ.

ಪುತ್ತೂರ_ಮಲ್ಲಿಗೆ:
ಇವರು ಹೇಳದೇ ಬಿಟ್ಟಿದ್ದು ನಾನು ಹೇಳ್ತೀನಿ. ಪೂಲ್‌ಗೆ ಇಳಿಯೋ ಮುಂಚೆ ಬಟ್ಟೆ ಪೂರ್ತಿ ತೆಗೆದು ಸೋಪ್ ಹಾಕಿ ಸ್ನಾನ ಮಾಡ್ಬೇಕು, ದೇಶದ ಎಲ್ಲಾ ಪೂಲಲ್ಲೂ ಅದೇ ರೂಲು. ಹೆಂಗಸರದ್ದು ಬೇರೆ ರೂಮು ಅನ್ನೋದು ಸರಿ, ಆದ್ರೂ ಅಮ್ಮಂಗೆ ಮೊದಲೇ ಹೇಳಿ ಕರ್ಕೊಂಡ್ಹೋಗಿ, ಪರದೆ ಇರೋ ಶವರ್ ಇದೆಯಾ ಅಂತ ಕೌಂಟರಲ್ಲಿ ಕೇಳಿ. ಬೆಳ್ಳಿ ಕಾಲುಂಗುರ, ಗೆಜ್ಜೆ ರೂಮಲ್ಲೇ ತೆಗೆದಿಡಿ, ಗಂಧಕದ ನೀರಿಗೆ ಕರ್ರಗಾಗತ್ತೆ. ನಲ್ಲಿ ಬಿಸಿನೀರೂ ಕೊಳೆತ ಮೊಟ್ಟೆ ವಾಸನೆ, ಕುಡಿಯೋಕೆ ತಣ್ಣೀರು ಹಿಡೀರಿ, ಅದು ಚೆನ್ನಾಗಿರತ್ತೆ.

ಮಂಡಿನೋವಿಗೆ ಹ್ವೆರಿರ್ ಬೆಸ್ಟು, ರಸ್ತೆ ಪಕ್ಕದಲ್ಲೇ ಸಮತಟ್ಟು ಜಾಗ, ಕೆಸರು ಗುಳುಗುಳು ಕುದೀತಿರತ್ತೆ, ಹಬೆ ಸುಯ್ ಅಂತ ನುಗ್ಗತ್ತೆ. ಹಗ್ಗ ಕಟ್ಟಿರೋ ಕಡೆ ದಾಟ್ಬೇಡಿ, ನೆಲದ ಪದರ ತೆಳು, ಕೆಳಗೆ ಕುದಿಯೋ ಕೆಸರು. ನಮ್ಮ ಬೇಂದ್ರು ತೀರ್ಥದ ಉಗುರುಬೆಚ್ಚಗಿನ ನೀರು ನೋಡಿ ಬೆಳೆದವಳಿಗೆ ಎದೆ ಝಲ್ ಅಂತು.

ಊಟಕ್ಕೆ ಆಕುರೇರಿಯ ಸೂಪರ್‌ಮಾರ್ಕೆಟ್ಟಲ್ಲೇ ಅಕ್ಕಿ, ತರಕಾರಿ, ಮೊಸರು ತುಂಬ್ಕೊಳಿ, ಅಡುಗೆಮನೆ ಇರೋ ರೂಮ್ ಬುಕ್ ಮಾಡಿ. ನೆಲದ ಬಿಸೀಲಿ ಹೂತಿಟ್ಟು ಒಂದಿಡೀ ದಿನ ಬೇಯಿಸೋ ರೈ ಬ್ರೆಡ್ ಸಿಗತ್ತೆ, ಸಿಹಿಸಿಹಿ, ಬೆಣ್ಣೆ ಜೊತೆ ಸಖತ್. ಸ್ಕಿರ್ ಮೊಸರಿನ ಥರ ಇದ್ರೂ ಕೆಲವದರಲ್ಲಿ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆಯೋ ಹೆಪ್ಪು) ಹಾಕಿರ್ತಾರೆ, ಲೇಬಲ್ ಓದಿ.

ಕಲ್ಲುಬಂಡೆ_77:
ಎರಡು ರಾತ್ರಿ ಓಕೆ, ಆದ್ರೆ ಒಂದಿಡೀ ಸಂಜೆ ಬಾತ್ಸ್‌ಗೆ ಸುರಿಯೋದು ನಂಗೇನೂ ಒಪ್ಪಿಗೆ ಇಲ್ಲ, ಬಿಸಿನೀರ ಪೂಲು ಆ ದೇಶದಲ್ಲಿ ಊರೂರಿಗೂ ಇದೆ. ಸರೋವರದ ದಕ್ಷಿಣ ದಡದ ಸ್ಕೂಟುಸ್ಟಾದಿರ್ ಕ್ರೇಟರ್ ಬೇರೆಲ್ಲಿ ನೋಡ್ತೀರಿ? ಅವು ನಿಜವಾದ ಜ್ವಾಲಾಮುಖಿ ಬಾಯಿಗಳೇ ಅಲ್ಲ. ಸುಮಾರು 2300 ವರ್ಷದ ಹಿಂದೆ ಲಾವಾ ಹರಿದು ಜೌಗು ನೆಲದ ಮೇಲೆ ಬಂತು, ಅಡಿ ಸಿಕ್ಕಿದ ನೀರು ಹಬೆಯಾಗಿ ಢಮ್ ಅಂತು, ಆ ಗುಂಡಿಗಳು ಅವು. ಕೆಳಗಿಂದ ಶಿಲಾಪಾಕ ಬಂದೇ ಇಲ್ಲ. ಈಗಿನ ಸರೋವರನೂ ಅದೇ ಲಾವಾದಿಂದ ಆಗಿದ್ದು, ಅಷ್ಟಗಲ ಇದ್ರೂ ಆಳ 4-5 ಮೀಟರ್ ದಾಟಲ್ಲ. ದಾರಿ ಸಲೀಸು, ಅಮ್ಮನೂ ನಡೀಬಹುದು.

ಕ್ರಾಫ್ಲಾ ಹತ್ರ ವೀಟಿ ಕ್ರೇಟರ್ 1724ರ ಸ್ಫೋಟದ್ದು, ಕಾರ್ ಅಂಚಿನವರೆಗೆ ಹೋಗತ್ತೆ. ಹೆಂಡ್ತಿಗೆ ಗುಹೆನೇ ಬೇಕು ಅಂದ್ರೆ ಲಾಫ್ಟ್‌ಹೆಲ್ಲಿರ್, ಒಳಗೆಲ್ಲ ಮಂಜುಗಡ್ಡೆ ಕಂಬ. ತಣ್ಣನೆ ಗಾಳಿ ಒಳಗಿಳಿದು ಅಲ್ಲೇ ಕೂತುಬಿಡತ್ತೆ, ಬೇಸಿಗೇಲೂ ಕರಗಲ್ಲ. ಗೈಡ್ ಇಲ್ದೆ ಬಿಡಲ್ಲ, ತೆವಳ್ಬೇಕು.

ಮತ್ತೆ ನೊಣದ ಬಲೆ ತಗೊಳಿ, ತಲೆಗೆ ಹಾಕ್ಕೊಳ್ಳೋದು. ಜೂನಲ್ಲಿ ಸರೋವರದ ಸುತ್ತ ಸಣ್ಣ ನೊಣ ಮೋಡಮೋಡ, ಬಹಳಷ್ಟು ಕಚ್ಚಲ್ಲ, ಬಾಯಿ ತೆರೆದ್ರೆ ಒಳಗೆ. ಕಚ್ಚೋವು ಲಾಕ್ಸಾ ನದಿ ಕಡೆ ಜಾಸ್ತಿ.

ಕಾಡುಮಾವು:
ತುಂಬಾ ಥ್ಯಾಂಕ್ಸ್, ಎರಡು ರಾತ್ರಿ ಫಿಕ್ಸ್. ಅಮ್ಮ ಕಾಲುಂಗುರ ತೆಗೆಯಲ್ಲ ಅಂದ್ಬಿಟ್ಲು, ಕಾಲು ನೀರಿಗೆ ಹಾಕಲ್ವಂತೆ. ಆಕುರೇರಿ ದಾಟಿದ್ಮೇಲೆ ಟನೆಲ್‌ಗೆ ಟೋಲ್ ಎಲ್ಲಿ ಕಟ್ಟೋದು?

ಬೋರೇಗೌಡ್ರು_ಅಲ್ಲ:
7.4 ಕಿ.ಮೀ. ಟನೆಲ್ಲು, ಗೇಟೂ ಇಲ್ಲ ಬೂತೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದತ್ತೆ. ಆನ್‌ಲೈನಲ್ಲಿ ಅವತ್ತೇ ಕಟ್ಬಿಡಿ, ಇಲ್ಲಾಂದ್ರೆ ಬಾಡಿಗೆ ಕಾರಿನವರು ತಮ್ಮ ಚಾರ್ಜೂ ಸೇರಿಸಿ ಬಿಲ್ ಕಳಿಸ್ತಾರೆ. ಟೈಮ್ ಇದ್ರೆ ಹಳೇ ಘಾಟಿ ರಸ್ತೆ ಹಿಡೀರಿ, ಸ್ವಲ್ಪ ಸುತ್ತು, ಆದ್ರೆ ಫ್ರೀ, ನೋಟನೂ ಅದೇ ಚೆಂದ. ಎರಡೂ ಮುಂದೆ ಗೋದಾಫಾಸ್ ಜಲಪಾತದ ಹತ್ರನೇ ಹೋಗೋದು.