ವಿದೇಶದ ಗ್ರಾಹಕರಿಗೆ ಪಾರ್ಸೆಲ್: ಸುಂಕದ ಹೊರೆ ಯಾರದು?

ಪ್ರಶ್ನೆ (ಹೊಸ ಮಾರಾಟಗಾರ್ತಿ)

ಹತ್ತಿ ಬಟ್ಟೆಯ ಕೈಚೀಲಗಳನ್ನು ಹೊಲಿದು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಈಗ ಜರ್ಮನಿ ಮತ್ತು ಅಮೆರಿಕದಿಂದಲೂ ಬೇಡಿಕೆ ಬಂದಿದೆ. ಸಾಗಣೆ ವೆಚ್ಚವನ್ನು ಹೇಗೋ ಅಂದಾಜು ಮಾಡಬಹುದು. ಆದರೆ ಪಾರ್ಸೆಲ್ ತಲುಪಿದ ಮೇಲೆ ಸುಂಕ ಕೇಳಿದರೆ ಗ್ರಾಹಕರು ಅದನ್ನು ಪಡೆಯಲು ಒಪ್ಪದೇ ಹೋಗಬಹುದೆಂಬ ಅಳುಕಿದೆ. ಬೆಲೆ ಕಡಿಮೆ ತೋರಿಸಿ ‘ಉಡುಗೊರೆ’ ಎಂದು ಬರೆದರೆ ಸಾಕೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ 1 (ರಫ್ತು ಗುಮಾಸ್ತ)

ದಯವಿಟ್ಟು ಹಾಗೆ ಮಾಡಬೇಡಿ. ಹಣ ಪಡೆದು ಕಳುಹಿಸಿದ ವಸ್ತು ಉಡುಗೊರೆಯಾಗುವುದಿಲ್ಲ. ಅದು ಸುಳ್ಳು ಘೋಷಣೆ. ಅಲ್ಲದೆ, ಪಾರ್ಸೆಲ್ ಕಳೆದುಹೋದಾಗ ನೀವೇ ಬರೆದ ಕಡಿಮೆ ಬೆಲೆ ಪರಿಹಾರ ಕೇಳುವಾಗ ನಿಮಗೇ ಅಡ್ಡ ಬರುತ್ತದೆ.

ಅಂಚೆಯಲ್ಲಿ ಕಳುಹಿಸುವ ಚಿಕ್ಕ ಪೊಟ್ಟಣಗಳಿಗೆ ಸಿಎನ್ 22, ಹೆಚ್ಚು ಮೌಲ್ಯದವಕ್ಕೆ ಸಿಎನ್ 23 ಎಂಬ ಕಸ್ಟಮ್ಸ್ ನಮೂನೆಗಳಿವೆ. ಅದರಲ್ಲಿ ‘ಚೀಲ’ ಎಂದಷ್ಟೇ ಬರೆಯದೆ, ‘ಹತ್ತಿ ಬಟ್ಟೆಯ ಕೈಚೀಲ’ ಎಂದು ವಸ್ತು ಯಾವುದು, ಯಾವುದರಿಂದ ಮಾಡಿದ್ದು ಎಂಬುದು ತಿಳಿಯುವಂತೆ ಇಂಗ್ಲಿಷಿನಲ್ಲಿ ಬರೆಯಿರಿ. ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಎಚ್‌ಎಸ್ ಕೋಡ್‌ನ ಮೊದಲ 6 ಅಂಕಿಗಳು ಬಹುತೇಕ ಎಲ್ಲ ದೇಶಗಳಲ್ಲೂ ಒಂದೇ. ಕೈಚೀಲಗಳು 4202ರ ಅಡಿಯಲ್ಲಿ ಬರುತ್ತವೆ. ಹೊರಮೈ ತೊಗಲಿನದೋ ಬಟ್ಟೆಯದೋ ಎಂಬುದನ್ನು ಅನುಸರಿಸಿ ಮುಂದಿನ ಅಂಕಿಗಳು ಬದಲಾಗುತ್ತವೆ, ಸುಂಕದ ದರವೂ ಅದರ ಜೊತೆಗೇ ಬದಲಾಗಬಹುದು.

ಉತ್ತರ 2 (ಕರಕುಶಲ ವ್ಯಾಪಾರಿ)

ಸುಂಕ ಯಾರು ಕಟ್ಟಬೇಕೆಂಬುದನ್ನು ಮಾರಾಟಕ್ಕೆ ಮುನ್ನವೇ ತೀರ್ಮಾನಿಸಬೇಕು. ಡಿಎಪಿ ಎಂಬ ಸಾಗಣೆ ಷರತ್ತಿನಲ್ಲಿ ಗ್ರಾಹಕರು ಕಟ್ಟುತ್ತಾರೆ; ಡಿಡಿಪಿಯಲ್ಲಿ ನೀವು ಮೊದಲೇ ಕಟ್ಟಿ, ಆ ಮೊತ್ತವನ್ನು ಬೆಲೆಯಲ್ಲಿ ಸೇರಿಸುತ್ತೀರಿ. ಗ್ರಾಹಕರು ಪಾರ್ಸೆಲ್ ನಿರಾಕರಿಸುವ ಭಯವಿದ್ದರೆ ನನ್ನ ದೃಷ್ಟಿಯಲ್ಲಿ ಡಿಡಿಪಿಯೇ ಲೇಸು, ಕೊರಿಯರ್ ಸಂಸ್ಥೆ ಅದಕ್ಕೆ ಪ್ರತ್ಯೇಕ ಶುಲ್ಕ ಕೇಳಿದರೂ ಸಹ.

ಹಳೆಯ ಲೇಖನಗಳನ್ನು ನಂಬಿ ಲೆಕ್ಕ ಹಾಕಬೇಡಿ. 22 ಯೂರೋವರೆಗಿನ ವಸ್ತುಗಳಿಗೆ ಐರೋಪ್ಯ ಒಕ್ಕೂಟದಲ್ಲಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಕೊನೆಗೊಂಡಿತು. 150 ಯೂರೋ ಮೀರದ ಸರಕಿನ ವ್ಯಾಟ್ ಅನ್ನು ಮಾರಾಟದ ವೇಳೆಯಲ್ಲೇ ವಸೂಲು ಮಾಡಲು ಐಒಎಸ್‌ಎಸ್ ವ್ಯವಸ್ಥೆ ಬಂದಿದೆ. ದೊಡ್ಡ ಮಾರಾಟ ತಾಣದ ಮೂಲಕ ಮಾರಿದರೆ ಆ ಕೆಲಸವನ್ನು ಸಾಮಾನ್ಯವಾಗಿ ತಾಣವೇ ಮಾಡುತ್ತದೆ. ಅಮೆರಿಕ 800 ಡಾಲರ್‌ವರೆಗಿನ ಸರಕಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತಡೆಹಿಡಿದಿದೆ.

ಉತ್ತರ 3 (ಪ್ಯಾಕಿಂಗ್ ಅನುಭವಿ)

ಸಾಗಣೆ ವೆಚ್ಚವನ್ನೂ ಅಷ್ಟು ಹಗುರವಾಗಿ ಕಾಣಬೇಡಿ. ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹೀಗಾಗಿ 40×30×20ರ ಪೆಟ್ಟಿಗೆಯಲ್ಲಿ ಒಂದೇ ಕಿಲೋ ಚೀಲಗಳಿದ್ದರೂ 4.8 ಕಿಲೋ ಎಂದೇ ಲೆಕ್ಕ. ಬಟ್ಟೆಯ ಚೀಲಗಳಿಗೆ ಪೆಟ್ಟಿಗೆಯೇ ಬೇಡ. ಮಡಚಿ ನೀರು ನುಸುಳದ ಲಕೋಟೆಯಲ್ಲಿ ಹಾಕಿ.

ಮರುಪ್ರಶ್ನೆ (ಹೊಸ ಮಾರಾಟಗಾರ್ತಿ)

ಎಲ್ಲರಿಗೂ ಧನ್ಯವಾದಗಳು. ಇಷ್ಟಾದರೂ ಪಾರ್ಸೆಲ್ ಹಿಂದಿರುಗಿದರೆ?

ಉತ್ತರ 4 (ರಫ್ತು ಗುಮಾಸ್ತ)

ಮರಳಿಸುವ ಖರ್ಚು ಸಾಮಾನ್ಯವಾಗಿ ಕಳುಹಿಸಿದವರ ಮೇಲೆಯೇ ಬೀಳುತ್ತದೆ. ವಸ್ತುವಿನ ಬೆಲೆಗಿಂತ ಆ ಖರ್ಚೇ ಹೆಚ್ಚಾಗುವಂತಿದ್ದರೆ, ತಲುಪದಿದ್ದಾಗ ಹಿಂದಿರುಗಿಸದೆ ಬಿಟ್ಟುಬಿಡುವಂತೆ ಪಾರ್ಸೆಲ್ ನಮೂನೆಯಲ್ಲೇ ಸೂಚಿಸಲು ಅವಕಾಶವಿರುತ್ತದೆ. ಹಿಂದಕ್ಕೆ ತರಿಸಿಕೊಳ್ಳುವುದಾದರೆ, ನಿಮ್ಮದೇ ಸರಕಿಗೆ ಆಮದು ಸುಂಕ ತೆರುವಂತಾಗದಿರಲು ಇನ್‌ವಾಯ್ಸ್ ಮತ್ತು ಕಸ್ಟಮ್ಸ್ ಘೋಷಣೆಯ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ.